ಮೋರಿಯಾಚೆಗೆ ದಾಟಿಸಿದ್ದು

"ಒಂದು ಕೇರಿ ತಾನು ಉರಿಸುವುದಕ್ಕಿಂತ ಹೆಚ್ಚು ಕರೆಂಟನ್ನು ತಾನೇ ಹುಟ್ಟಿಸುತ್ತದೆ. ಮಿಕ್ಕದ್ದನ್ನು ಹೊರಗೆ ಕೊಡುತ್ತದೆ. ಅಂಥ ಕೇರಿ ಮುಂದಿನ ತಲೆಮಾರಿಗೂ ಬಾಳುವ ಕೇರಿ ಎಂದು ಬರೆದುಕೊಡಬಹುದೆ, ತಾಯಿ?" ಎಂದು ಶಿಷ್ಯ ಕೇಳಿದ.

ಕೇರಿಗಳನ್ನು ಅಳೆದು, ಇದು ಬಾಳುತ್ತದೆ, ಇದು ಬಾಳುವುದಿಲ್ಲ ಎಂದು ಬರೆಯುವುದೇ ಅವನ ಕೆಲಸ. ಮೂರು ತಿಂಗಳು ಒಂದು ಕೇರಿಯ ಮೀಟರು ನೋಡಿ ಬಂದಿದ್ದ. ಅಂಕಿಗಳೆಲ್ಲ ಸರಿಯಾಗಿದ್ದವು. ಆದರೂ ಸಹಿ ಹಾಕಲು ಕೈ ಬಂದಿರಲಿಲ್ಲ.

ಗುರುತಾಯಿ ಕಾಲು ನೀಡಿಕೊಂಡು ಕೂತಿದ್ದರು. ಸಹಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಇದನ್ನು ಕೇಳಿಸಿಕೋ ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಮೂಡಲಕೇರಿ, ಪಡುವಲಕೇರಿ ಎಂದು ಎರಡು ಕೇರಿಗಳಿದ್ದವು. ನಡುವೆ ಒಂದು ಮೋರಿ. ಮೋರಿಯ ಮೇಲೆ ಒಂದು ಕಲ್ಲುಚಪ್ಪಡಿ. ಈ ಕೇರಿಯಲ್ಲಿ ಮೆಣಸಿನಕಾಯಿ ಹುರಿದರೆ ಆ ಕೇರಿಯಲ್ಲಿ ಸೀನುತ್ತಿದ್ದರು, ಅಷ್ಟೇ ದೂರ.

ಮೂಡಲಕೇರಿಯಲ್ಲಿ ನಲವತ್ತು ಮನೆ. ಅದರಲ್ಲೊಂದರಲ್ಲಿ ಒಬ್ಬ ಹಪ್ಪಳದವಳು ಇದ್ದಳು. ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮನೆ ಅವಳದಲ್ಲ, ಕೇರಿಯ ಸಂಘದ್ದು. ಅವಳದು ಎಂದು ಇದ್ದದ್ದು ಒಂದು ಮಣೆ, ಒಂದು ಲಟ್ಟಣಿಗೆ, ಒಂದು ನಾಲಿಗೆ. ಮೂರರಲ್ಲಿ ಸವೆಯದೆ ಉಳಿದದ್ದು ಕೊನೆಯದು.

ಬೆಳಿಗ್ಗೆ ತಾರಸಿ ಹತ್ತಿ, ಹಳೇ ಸೀರೆ ಹಾಸಿ, ಹಪ್ಪಳ ಹರವಿ, ಕಾಗೆ ಓಡಿಸಲು ಕೋಲು ಹಿಡಿದು ಕೂತರೆ ಅವಳು ಇಳಿಯುತ್ತಿದ್ದದ್ದು ಬಿಸಿಲು ಇಳಿದ ಮೇಲೆ. ಅಲ್ಲಿಂದ ಎರಡೂ ಕೇರಿ ಕಾಣುತ್ತಿತ್ತು. ಯಾರ ಮನೆಗೆ ಯಾರು ಬಂದರು, ಬರುವಾಗ ನಗುತ್ತಿದ್ದರೋ ಹೋಗುವಾಗ ನಗುತ್ತಿದ್ದರೋ, ಸೆರಗಿನ ಕೆಳಗೆ ಮುಚ್ಚಿ ತಂದ ಪಾತ್ರೆ ಎಷ್ಟು ದೊಡ್ಡದು, ಎಲ್ಲ ಅವಳಿಗೆ ಗೊತ್ತು. ತಾನಾಗಿ ಇಣುಕಿದ್ದಲ್ಲ, ಕಣ್ಣಿಗೆ ಬಿದ್ದದ್ದನ್ನು ಹೇಗೆ ಬಿಡಲಿ ಎನ್ನುತ್ತಿದ್ದಳು. ನಂಬುವವರು ನಂಬಿದರು.

ಆ ಕೇರಿಯಲ್ಲಿ ಹಪ್ಪಳಕ್ಕೆ ಸರದಿ ಇತ್ತು. ಒಂದು ದಿನ ಒಂದು ಮನೆಯ ಹಿಟ್ಟು. ಉಳಿದ ಹೆಂಗಸರು ತಮ್ಮ ತಮ್ಮ ಮಣೆ ಲಟ್ಟಣಿಗೆ ತಂದು ಲಟ್ಟಿಸಿಕೊಟ್ಟು ಹೋಗುವುದು. ಒಣಗಿಸುವುದು ಆ ಮನೆಯ ತಾರಸಿಯ ಮೇಲೆ. ಕೂಲಿ ಎಂದು ಯಾರೂ ಕೇಳಲಿಲ್ಲ. ಅಷ್ಟು ಹೊತ್ತು ಕೂತು ಎದ್ದರೆ ಕೇರಿಯ ಸುದ್ದಿಯೆಲ್ಲ ಕೈಗೆ ಸಿಗುತ್ತಿತ್ತಲ್ಲ, ಅದೇ ಕೂಲಿ.

ಹೀಗಿರುವಾಗ ಊರಿನವರು ಒಂದು ಪಂದ್ಯ ಕಟ್ಟಿದರು. ಯಾವ ಕೇರಿ ತನ್ನ ಸೂರಿನ ಮೇಲೆ ಬೀಳುವ ಬಿಸಿಲಿನಿಂದ ಕರೆಂಟು ಮಾಡಿ, ತಾನು ಬಳಸಿ, ಇನ್ನೂ ಮಿಗಿಸುತ್ತದೋ ಆ ಕೇರಿಯ ಬಾಯಿಯಲ್ಲಿ ಒಂದು ಹಿತ್ತಾಳೆ ಬೋರ್ಡು. ಬೋರ್ಡಿನ ಕೆಳಗೆ ಕೇರಿಯ ಯಜಮಾನನ ಹೆಸರು. ಮೂಡಲಕೇರಿಯ ಯಜಮಾನನೇ ಸಂಘದ ಅಧ್ಯಕ್ಷ. ಹೆಸರಿನ ಸುದ್ದಿ ಕೇಳಿದ ದಿನದಿಂದ ಅವನಿಗೆ ಊಟ ಸೇರಲಿಲ್ಲ.

ಸಂಘದಿಂದ ಮನೆಮನೆಗೆ ಸೋಲಾರ್ ಪ್ಯಾನೆಲ್ಲು ಹತ್ತಿಸಿದ. ಮೂವತ್ತೊಂಬತ್ತು ತಾರಸಿ ಮುಚ್ಚಿದವು. ಹಪ್ಪಳದವಳ ತಾರಸಿ ಒಂದು ಕಡೆ ಸೋರುತ್ತಿತ್ತು, ರಿಪೇರಿ ಆದಮೇಲೆ ನೋಡೋಣ ಎಂದು ಬಿಟ್ಟ. ಹಾಗಾಗಿ ಉಳಿದ ಸರದಿಯೆಲ್ಲ ಅವಳ ತಾರಸಿಗೇ ಬಂತು. ಹಪ್ಪಳವನ್ನೇ ನೆಚ್ಚಿಕೊಂಡ ಹೆಂಗಸರು ಎಂಟು ಮಂದಿ, ಅವಳು ಸೇರಿ ಒಂಬತ್ತು. ಆ ಒಂದು ತಾರಸಿ ಹೋದರೆ ಒಂಬತ್ತು ಒಲೆ ಆರುತ್ತವೆ. ಇದು ಅವಳಿಗೂ ಗೊತ್ತು, ಯಜಮಾನನಿಗೂ ಗೊತ್ತು.

ಇನ್ನು ಮನೆಖರ್ಚಿಗೆ ಹಪ್ಪಳ ಮಾಡುವವರು ಏನು ಮಾಡಬೇಕು? ಅವರಿಗೆಂದು ಯಜಮಾನನ ಬಾಮೈದ ಪಡುವಲಕೇರಿಯಲ್ಲಿ ಒಣಗಿಸುವ ಮೆಷಿನ್ನು ಇಟ್ಟ. ಬೀರುವಿನಂತೆ ಇರುತ್ತದೆ, ಒಳಗೆ ಬಿಸಿ ಗಾಳಿ. ನೋಡಿದೆಯಾ ಚಂದ? ಬಿಸಿಲಿನಲ್ಲಿ ಒಣಗುತ್ತಿದ್ದ ಹಪ್ಪಳದ ಬಿಸಿಲನ್ನು ಕಿತ್ತುಕೊಂಡು ಕರೆಂಟು ಮಾಡಿದರು. ಆಮೇಲೆ ಮೋರಿಯಾಚೆ ಹೋಗಿ ಕರೆಂಟಿನಿಂದ ಬಿಸಿ ಮಾಡಿ ಅದೇ ಹಪ್ಪಳ ಒಣಗಿಸಿದರು. ಬುದ್ಧಿವಂತರ ಕೇರಿ.

ಇಷ್ಟಾದರೂ ಕರೆಂಟು ಮಿಗಲಿಲ್ಲ. ಕೇರಿಯ ಬಾಯಿಯಲ್ಲಿ ಒಂದು ಕಂಬ, ಕಂಬದಲ್ಲಿ ಮೀಟರು. ಒಳಗೆ ಬಂದದ್ದು ಒಂದು ಅಂಕಿ, ಹೊರಗೆ ಹೋದದ್ದು ಇನ್ನೊಂದು ಅಂಕಿ. ಎರಡೂ ಸಮಸಮ ನಿಂತವು. ಯಜಮಾನ ಕೇರಿಯ ಈ ತುದಿಯಿಂದ ಆ ತುದಿಗೆ ಓಡಾಡಿದ. ಕರೆಂಟು ತಿನ್ನುವುದು ಯಾವುದು ಎಂದು ಕಿಟಕಿ ಕಿಟಕಿಯಲ್ಲಿ ನೋಡಿದ. ಮೊದಲು ಹಿಟ್ಟಿನ ಮಿಲ್ಲು ಮೋರಿ ದಾಟಿತು. ಆಮೇಲೆ ಇಸ್ತ್ರಿಯವನು ದಾಟಿದ. ಆಮೇಲೆ ಅಪ್ಪಣೆ ಬಂತು, ಯಾರೂ ಮನೆಯಲ್ಲಿ ರುಬ್ಬುವಂತಿಲ್ಲ. ಗ್ರೈಂಡರುಗಳೆಲ್ಲ ಪಡುವಲಕೇರಿಯ ನೆಂಟರ ಮನೆ ಸೇರಿದವು.

ದಿನ ಬೆಳಗಾದರೆ ಚಪ್ಪಡಿಯ ಮೇಲೆ ಮೆರವಣಿಗೆ. ಅಕ್ಕಿ ನೆನೆಸಿದ ಪಾತ್ರೆ, ಉದ್ದು ನೆನೆಸಿದ ಪಾತ್ರೆ. ದೊಡ್ಡಮನೆಯ ಸೊಸೆ ನಾದಿನಿಯ ಮುಖ ನೋಡಿ ಆರು ವರ್ಷವಾಗಿತ್ತು. ಅವಳ ನೆರಳು ಬಿದ್ದ ಜಾಗಕ್ಕೆ ನೀರು ಹಾಕಿ ತೊಳೆಯುತ್ತಿದ್ದವಳು ಈಗ ಪಾತ್ರೆ ಹೊತ್ತು ಅದೇ ನಾದಿನಿಯ ಬಾಗಿಲಲ್ಲಿ ನಿಂತು, ಒಂದು ಸುತ್ತು ರುಬ್ಬಿಕೊಳ್ಳಲಾ ಎಂದು ಕೇಳಬೇಕಾಯಿತು. ನಾದಿನಿ ಬೇಕೆಂದೇ ಹತ್ತು ನಿಮಿಷ ಕಾಯಿಸಿ ಬಾಗಿಲು ತೆಗೆಯುತ್ತಿದ್ದಳು. ಪೆನ್ಷನ್ ಆದ ಗುಮಾಸ್ತನೊಬ್ಬ ಇಸ್ತ್ರಿ ಮಾಡಿಸಲು ದಿನಕ್ಕೆ ಮೂರು ಸಲ ಮೋರಿ ದಾಟಿದ. ಅವನಿಗೆ ಇದ್ದದ್ದು ಎರಡೇ ಅಂಗಿ. ಇಸ್ತ್ರಿಯವನ ಪಕ್ಕದ ಮನೆಯಲ್ಲಿ ಯಾರಿದ್ದರು ಎಂದು ನೀನು ಕೇಳಬೇಡ, ನಾನು ಹೇಳುವುದಿಲ್ಲ.

ಹಪ್ಪಳದವಳು ಇದನ್ನೆಲ್ಲ ಮೇಲಿನಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಗ್ರೈಂಡರೂ ಮೋರಿ ದಾಟಿತ್ತು. ತಾರಸಿ ಒಂದು ಉಳಿದರೆ ಸಾಕು ಎಂದು ಅವಳೂ ತೆಪ್ಪಗೆ ಕಳಿಸಿದ್ದಳು. ಅದನ್ನೂ ಹೇಳಬೇಕಲ್ಲ.

ಆಮೇಲೆ ಅಳೆಯುವ ವಾರ ಗೊತ್ತಾಯಿತು. ಏಳು ದಿನ ಒಬ್ಬ ಅಧಿಕಾರಿ ಬಂದು ಕಂಬದ ಕೆಳಗೆ ಕೂರುತ್ತಾನೆ. ಏಳು ದಿನದಲ್ಲಿ ಹೊರಗೆ ಹೋದದ್ದು ಹೆಚ್ಚಿದ್ದರೆ ಬೋರ್ಡು. ಬೇಸಿಗೆ ಬೇರೆ. ಎಲ್ಲ ಮನೆಯಲ್ಲೂ ಫ್ಯಾನು. ಯಜಮಾನ ಬೆರಳು ಮಡಿಸಿ ಮಡಿಸಿ ಎಣಿಸಿದ. ಇನ್ನೂ ಸ್ವಲ್ಪ ಸಾಲದು. ಆ ಸ್ವಲ್ಪ ಎಲ್ಲಿದೆ ಎಂದು ಹುಡುಕಿದ. ತನ್ನ ಮನೆಯಲ್ಲೇ ಸಿಕ್ಕಿತು.

ಯಜಮಾನನ ತಾಯಿಗೆ ಶ್ವಾಸಕೋಶ ಕೆಟ್ಟಿತ್ತು. ಮೂಗಿಗೆ ಕೊಳವೆ, ಕೊಳವೆಯ ತುದಿಗೆ ಆಕ್ಸಿಜನ್ ಮೆಷಿನ್ನು. ಅದು ನಿಲ್ಲುವಂತಿಲ್ಲ.

ಈ ತಾಯಿಗೂ ಹಪ್ಪಳದವಳಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಮಗನ ಮದುವೆಯ ಊಟದಲ್ಲಿ, ಪಂಕ್ತಿಯಲ್ಲಿ ಅಷ್ಟು ಜನ ಕೂತಿರುವಾಗ, ಹಪ್ಪಳ ಮೂಸಿ ನೋಡಿ, ಇದು ಮುಗ್ಗಲು ಹಿಟ್ಟಿನದು ಎಂದುಬಿಟ್ಟಿದ್ದಳು ಆ ತಾಯಿ. ಅಂದಿನಿಂದ ಒಬ್ಬಳು ಬೀದಿಯ ಈ ಬದಿಗೆ ಬಂದರೆ ಇನ್ನೊಬ್ಬಳು ಆ ಬದಿಗೆ.

ಅಳೆಯುವ ವಾರಕ್ಕೆ ಮೂರು ದಿನ ಇದೆ ಎನ್ನುವಾಗ, ಬೆಳಿಗ್ಗೆ, ಹಪ್ಪಳದವಳು ತಾರಸಿಯಿಂದ ನೋಡಿದಳು. ಯಜಮಾನನ ತಾಯಿಯನ್ನು ಕುರ್ಚಿಯ ಸಮೇತ ಎತ್ತಿ ಚಪ್ಪಡಿ ದಾಟಿಸುತ್ತಿದ್ದರು. ಹಿಂದೆ ಬಾಮೈದ. ಅವನ ಕೈಯಲ್ಲಿ ಮೆಷಿನ್ನು, ಹೆಗಲ ಮೇಲೆ ವೈರು ಸುತ್ತಿಕೊಂಡಿದ್ದ. ಅಮ್ಮನಿಗೆ ಮಗಳ ಮನೆಯಲ್ಲಿ ನಾಲ್ಕು ದಿನ ಇರುವ ಆಸೆ ಎಂದು ಕೇರಿಯಲ್ಲಿ ಹೇಳಿದರು. ಎಲ್ಲರೂ ಹೌದು ಹೌದು ಎಂದರು. ಕರೆಂಟು ಹೋದರೆ ಇರಲಿ ಎಂದು ಆಕ್ಸಿಜನ್ ಸಿಲಿಂಡರು ಕಳಿಸುತ್ತೇನೆ ಎಂದು ಯಜಮಾನ ತಂಗಿಗೆ ಮಾತು ಕೊಟ್ಟಿದ್ದ. ಬೋರ್ಡಿನ ಗಡಿಬಿಡಿಯಲ್ಲಿ ಮರೆತ.

ಅದೇ ಸಾಯಂಕಾಲ ಅವನು ಹಪ್ಪಳದವಳ ಬಾಗಿಲಿಗೆ ಬಂದ. ಎಂದೂ ಅವಳನ್ನು ಅಮ್ಮ ಎಂದವನಲ್ಲ. ಅಂದು ಎರಡು ಸಲ ಅಂದ. ಏಳು ದಿನ ಮನೆಯಲ್ಲಿ ಕರೆಂಟಿನದು ಏನನ್ನೂ ಹಾಕಬೇಡಿ, ಬಂದ ಅಧಿಕಾರಿಯ ಹತ್ತಿರ ಬಾಯಿ ಬಿಡಬೇಡಿ. ನಿಮ್ಮ ಸೂರು ಭಾರ ತಾಳುವುದಿಲ್ಲ ಎಂದು ಸಂಘದಿಂದ ಬರೆಸಿಡುತ್ತೇನೆ, ನೀವು ಇರುವವರೆಗೆ ಆ ತಾರಸಿಗೆ ಯಾರೂ ಕಾಲಿಡುವುದಿಲ್ಲ ಎಂದ. ಹಪ್ಪಳದವಳು ಎಂಟು ಹೆಂಗಸರನ್ನು ನೆನೆದಳು. ಹೂ ಅಂದಳು.

ಅಧಿಕಾರಿ ಬಂದ. ಕಂಬದ ಕೆಳಗೆ ಕುರ್ಚಿ ಹಾಕಿಸಿಕೊಂಡ. ಬಿಸಿಲಿಗೆ ಕೊಡೆ, ಬಾಯಾರಿಕೆಗೆ ಮಜ್ಜಿಗೆ, ಎಲ್ಲ ಯಜಮಾನನ ಮನೆಯದು. ಅವನು ಒಳ್ಳೆಯವನೇ. ಮೀಟರಿನಲ್ಲಿ ಏನು ಕಂಡಿತೋ ಅದನ್ನೇ ಬರೆದ.

ಮೊದಲನೆಯ ದಿನ ಹನ್ನೊಂದು ಗಂಟೆಗೆ ಪಡುವಲಕೇರಿಯಲ್ಲಿ ಕರೆಂಟು ಹೋಯಿತು. ಹೋಗದೆ ಏನು ಮಾಡುತ್ತದೆ? ತನ್ನ ಮನೆಗಳಿಗೇ ಸಾಕಾಗದಿದ್ದ ತಂತಿ ಅದು. ಅದರ ಮೇಲೆ ಮಿಲ್ಲು, ಇಸ್ತ್ರಿ, ಒಣಗಿಸುವ ಬೀರು, ನಲವತ್ತು ಗ್ರೈಂಡರು. ಮೂಡಲಕೇರಿಯಲ್ಲಿ ಮಿಕ್ಕ ಕರೆಂಟು ಮೋರಿ ದಾಟಿ ಅಲ್ಲಿಗೆ ಹೋಗುತ್ತಿರಲಿಲ್ಲ. ಅದು ಬೇರೆ ದೊಡ್ಡ ತಂತಿ ಹಿಡಿದು ಯಾವ ಊರಿಗೋ ಹೋಗುತ್ತಿತ್ತು. ತಾರಸಿಯ ಮೇಲಿದ್ದ ಹಪ್ಪಳದವಳಿಗೆ ಆಚೆಯ ಸದ್ದೆಲ್ಲ ಒಂದೇ ಸಲ ನಿಂತದ್ದು ಕೇಳಿಸಿತು. ಸದ್ಯ, ಕಿವಿಗೆ ಸ್ವಲ್ಪ ಹಿತ ಎಂದುಕೊಂಡಳು. ಅರ್ಧ ಗಂಟೆಯ ಮೇಲೆ ಸದ್ದು ಬಂತು.

ಎರಡನೆಯ ದಿನವೂ ಹನ್ನೊಂದಕ್ಕೇ ನಿಂತಿತು. ಈ ಸಲ ಅವಳು ಆ ಕಡೆ ತಿರುಗಿ ನೋಡಿದಳು. ಯಜಮಾನನ ತಂಗಿ ತಾಯಿಯನ್ನು ಬಾಗಿಲ ಹೊರಗೆ ತಂದು ಕೂರಿಸಿ, ಮೊರ ಹಿಡಿದು ಮುಖಕ್ಕೆ ಗಾಳಿ ಬೀಸುತ್ತಿದ್ದಳು. ಎರಡೂ ಕೈಯಲ್ಲಿ ಬೀಸುತ್ತಿದ್ದಳು. ಮುದುಕಿ ತಲೆ ಮೇಲೆತ್ತಿ ಬಾಯಿ ತೆರೆದಿದ್ದಳು. ಈಚೆ ಕಂಬದ ಕೆಳಗೆ ಯಜಮಾನ ಅಧಿಕಾರಿಗೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು, ಅಂಕಿ ಏರುತ್ತಿದೆ ನೋಡಿ ಸ್ವಾಮಿ ಎನ್ನುತ್ತಿದ್ದ.

ಅಂದು ಒಂದು ಸಾಲು ಹಪ್ಪಳವನ್ನು ಕಾಗೆ ಕೊಂಡುಹೋಯಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಮೂರನೆಯ ದಿನ ಹನ್ನೊಂದಾಗುವ ಮೊದಲೇ ಅವಳು ಆ ಕಡೆಗೇ ಮುಖ ಮಾಡಿ ಕೂತಿದ್ದಳು. ಸದ್ದು ನಿಂತಿತು. ಮೊರ ಹೊರಗೆ ಬಂತು. ಹಪ್ಪಳದವಳು ಕೋಲು ಎಸೆದು ಮೆಟ್ಟಿಲಿಳಿದಳು. ಅಧಿಕಾರಿಯ ಮುಂದೆಯೇ ಹಾದು, ಚಪ್ಪಡಿ ದಾಟಿ, ಮುದುಕಿಯ ಎದುರು ನಿಂತಳು.

ಮುದುಕಿ ಏದುತ್ತ ಅಂದಳು. "ನನ್ನ ಅವಸ್ಥೆ ನೋಡಿ ಹೋಗೋಕೆ ಬಂದೆಯೇನೇ?"

"ನೋಡೋಕೆ ಮೇಲಿಂದಲೇ ಕಾಣುತ್ತೆ. ಕರಕೊಂಡು ಹೋಗೋಕೆ ಬಂದೆ, ಏಳು."

"ಎಲ್ಲಿಗೆ? ನಿನ್ನ ಆ ಮುಗ್ಗಲು ವಾಸನೆಗಾ?"

"ಮುಗ್ಗಲು ವಾಸನೆ ಹಿಡಿಯೋಕೂ ಉಸಿರು ಬೇಕಲ್ಲೇ. ಏಳು ಅಂದರೆ ಏಳು."

ಕುರ್ಚಿಯ ಒಂದು ಕಡೆ ಹಪ್ಪಳದವಳು, ಇನ್ನೊಂದು ಕಡೆ ಮಗಳು. ಉದ್ದು ರುಬ್ಬಲಾಗದೆ ಕಾಯುತ್ತಿದ್ದ ದೊಡ್ಡಮನೆಯ ಸೊಸೆ ಪಾತ್ರೆ ಕೆಳಗಿಟ್ಟು ಮೆಷಿನ್ನು ಎತ್ತಿಕೊಂಡಳು. ಬಂದ ದಾರಿಯಲ್ಲೇ, ಕಂಬದ ಮುಂದೆಯೇ ಹಾದು, ಹಪ್ಪಳದವಳ ನಡುಮನೆಯಲ್ಲಿ ಕೂರಿಸಿ, ಮೆಷಿನ್ನು ಹಾಕಿದರು. ಮುದುಕಿಯ ಎದೆ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೇಲೆ ಮೊದಲು ಮಾಡಿದ್ದು, ಗೂಡಿನಲ್ಲಿ ಪಾತ್ರೆ ಜೋಡಿಸಿದ ರೀತಿ ಸರಿಯಿಲ್ಲ ಎಂದು ಹೇಳಿದ್ದು.

ಯಜಮಾನ ಓಡಿ ಬಂದ. ಹಿಂದೆ ಅರ್ಧ ಕೇರಿ ಬಂತು. ಅಧಿಕಾರಿಯೂ ಪುಸ್ತಕ ಹಿಡಿದುಕೊಂಡೇ ಎದ್ದು ಬಂದ.

"ಇನ್ನು ನಾಲ್ಕೇ ದಿನ ಇತ್ತು, ನಾಲ್ಕು ದಿನ ತಡೆದುಕೊಳ್ಳೋಕೆ ಆಗಲಿಲ್ಲವಾ?" ಎಂದ ಯಜಮಾನ. "ನೀವು ಹೂ ಅಂದಿದ್ದಿರಿ. ತಾರಸಿ ನೆನಪಿರಲಿ."

"ಹೂ ಅಂದಿದ್ದೆ. ಈಗ ಊಹೂ ಅಂತಿದ್ದೀನಿ," ಎಂದಳು ಹಪ್ಪಳದವಳು. "ತಾರಸಿ ನಿನ್ನ ಸಂಘದ್ದು, ನಾಳೆಯೇ ಮುಚ್ಚಿಕೋ. ಈ ಮೆಷಿನ್ನಿಗೆ ಕೈ ಹಚ್ಚಿದೆಯೋ, ಇದೇ ಲಟ್ಟಣಿಗೆಯಲ್ಲಿ ಕೈ ಮುರೀತೀನಿ. ಅದನ್ನೂ ಆ ಪುಸ್ತಕದಲ್ಲಿ ಬರೆಸು."

ಅವನು ತಾಯಿಯ ಕಡೆ ನೋಡಿದ. ತಾಯಿ ಗೋಡೆಯ ಕಡೆ ತಿರುಗಿದಳು.

ಅಲ್ಲಿಂದ ಮುಂದೆ ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ದೊಡ್ಡಮನೆಯ ಸೊಸೆ ಅಂದೇ ತನ್ನ ಗ್ರೈಂಡರನ್ನು ಹೊತ್ತು ತಂದಳು. ನಾದಿನಿಯ ಬಾಗಿಲನ್ನು ಈ ಸಲ ಅವಳೇ ದಢಾರನೆ ಹಾಕಿಕೊಂಡು ಬಂದಳಂತೆ. ಮಾರನೆಯ ದಿನ ಐದು ಗ್ರೈಂಡರು ಬಂದವು. ಅದರ ಮಾರನೆಯ ದಿನ ಇಸ್ತ್ರಿಯವನೂ ಬಂದ. ಇನ್ನು ಅವನ ಹತ್ತಿರ ಹೋಗಲು ಮೋರಿ ದಾಟುವ ಕೆಲಸವಿಲ್ಲ. ಆದರೂ ಗುಮಾಸ್ತ ದಾಟುತ್ತಲೇ ಇದ್ದ, ಇಸ್ತ್ರಿಯ ಅಂಗಿ ಇಲ್ಲದೆ ಬರಿಗೈಯಲ್ಲಿ. ಆಗ ಅವನ ಹೆಂಡತಿಗೆ ಅರ್ಥವಾಯಿತು.

ಏಳನೆಯ ದಿನ ಅಧಿಕಾರಿ ಅಂಕಿ ಓದಿದ. ಒಳಗೆ ಬಂದದ್ದೇ ಹೆಚ್ಚು. ಮಿಕ್ಕದ್ದು ಏನೂ ಇಲ್ಲ. ಹಿತ್ತಾಳೆ ಬೋರ್ಡು ಬೇರೆ ಕೇರಿಗೆ ಹೋಯಿತು.

ಹಪ್ಪಳದವಳನ್ನು ಕೇರಿ ಹೊತ್ತು ಮೆರೆಸಿತು ಎಂದುಕೊಂಡೆಯಾ? ಇಲ್ಲ. ಕೇರಿಯ ಹೆಸರು ಕೆಡಿಸಿದವಳು ಎಂದು ಗಂಡಸರು ಉಗಿದರು. ಗ್ರೈಂಡರು ವಾಪಸು ತಂದ ಹೆಂಗಸರಲ್ಲೂ ಕೆಲವರು ಗಂಡಂದಿರ ಜೊತೆ ಸೇರಿ ಉಗಿದರು. ಹದಿನೈದೇ ದಿನದಲ್ಲಿ ಸಂಘದವರು ಬಂದರು. ಸೋರುವ ಜಾಗಕ್ಕೆ ಸಿಮೆಂಟು ಮೆತ್ತಿದರು, ಅವಳ ತಾರಸಿಗೂ ಪ್ಯಾನೆಲ್ಲು ಹತ್ತಿಸಿದರು. ಕೋಲು, ಹಳೇ ಸೀರೆ, ಎಲ್ಲವನ್ನೂ ಕೆಳಗೆ ತಂದು ಬಾಗಿಲಲ್ಲಿ ಇಟ್ಟು ಹೋದರು. ಅವಳು ತಡೆಯಲಿಲ್ಲ. ಅವರು ಇಳಿಯುವವರೆಗೆ ಏಣಿ ಹಿಡಿದುಕೊಂಡಿದ್ದಳು. ಬಿದ್ದು ಕೈಕಾಲು ಮುರಿದುಕೊಂಡರೆ ಅದೂ ನನ್ನ ತಲೆಗೇ ಬರುತ್ತದೆ ಎಂದಳು.

ಮರುದಿನ ಎಂಟು ಹೆಂಗಸರು ಮಣೆ ಲಟ್ಟಣಿಗೆ ಹಿಡಿದು ಬಂದು ಮೆಟ್ಟಿಲ ಕೆಳಗೆ ನಿಂತರು. ಮೇಲೆ ನೋಡಿದರು. ಹಪ್ಪಳದವಳು ಹೇಳಿದಳು, ಮನೆಯಲ್ಲಿರುವ ಮಂಚ ತನ್ನಿ.

ಒಂಬತ್ತು ಮಂಚ ಬಂದವು. ಎಲ್ಲವನ್ನೂ ಬೀದಿಯ ನಟ್ಟನಡುವೆ, ಮೀಟರಿನ ಕಂಬದಿಂದ ಯಜಮಾನನ ಗೇಟಿನವರೆಗೆ ಸಾಲಾಗಿ ಹಾಕಿದಳು. ಸೀರೆ ಹಾಸಿ ಹಪ್ಪಳ ಹರವಿದಳು. ಬಿಸಿಲು ಅಲ್ಲೂ ಬೀಳುತ್ತಿತ್ತು. ಬೀದಿಗೆ ಪ್ಯಾನೆಲ್ಲು ಹಾಕಲು ಬರುವುದಿಲ್ಲವಲ್ಲ. ಯಜಮಾನನ ಸ್ಕೂಟರು ಹೊರಗೆ ಬರಲು ದಾರಿಯಿಲ್ಲ. ಅವನು ಗೇಟಿನಲ್ಲಿ ನಿಂತು ಹಾರನ್ನು ಒತ್ತಿದ. ಒಂಬತ್ತು ಹೆಂಗಸರಲ್ಲಿ ಒಬ್ಬಳೂ ತಿರುಗಿ ನೋಡಲಿಲ್ಲ. ಹಪ್ಪಳದವಳ ಬಾಗಿಲಲ್ಲಿ, ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಕೂತಿದ್ದ ಅವನ ತಾಯಿ, ಕೊನೆಯ ಮಂಚದ ಸಾಲು ಇನ್ನೂ ಮಗುಚಿಲ್ಲ, ಕಣ್ಣು ಕಾಣುವುದಿಲ್ಲವೇನೇ ನಿಮಗೆ ಎಂದು ಹೆಂಗಸರನ್ನು ಬೈದಳು. ಮಗ ಮೂರು ಸಲ ಕರೆಯಲು ಬಂದಿದ್ದ. ಅವಳು ಹೋಗಿರಲಿಲ್ಲ.

ಯಜಮಾನ ಹಾರನ್ನು ಬಿಟ್ಟ. ಸ್ಕೂಟರು ಒಳಗಿಟ್ಟು, ಗೋಡೆಗೆ ಬೆನ್ನು ಹಚ್ಚಿ, ಹಪ್ಪಳ ತುಳಿಯದಂತೆ ಅಡ್ಡಡ್ಡ ನಡೆದು ಹೋದ. ಇವತ್ತಿಗೂ ಹಾಗೇ ನಡೆಯುತ್ತಾನೆ.

ಗುರುತಾಯಿ ಕತೆ ನಿಲ್ಲಿಸಿದರು.

ಶಿಷ್ಯ ತನ್ನ ಲೆಕ್ಕದ ಹಾಳೆಗಳನ್ನು ಮುಂದಿಟ್ಟ. ಆಮೇಲೆ ಹೇಳಿದ. "ನಾನು ಅಳೆದ ಕೇರಿ ಹಾಗಿಲ್ಲ, ತಾಯಿ. ಕಂಬದ ಕೆಳಗೆ ಕೂತು ಬಂದವನಲ್ಲ ನಾನು. ಒಂದೊಂದು ಮನೆಯ ಒಳಗೂ ಹೋಗಿ, ಇದ್ದದ್ದನ್ನೆಲ್ಲ ನೋಡಿ ಬಂದಿದ್ದೇನೆ."

ಗುರುತಾಯಿ ಕೇಳಿದರು. "ಹೋದ ವರ್ಷ ಆ ಮನೆಗಳಲ್ಲಿ ಇದ್ದು, ಈ ವರ್ಷ ಇಲ್ಲದವರು ಎಲ್ಲಿದ್ದಾರೆ ಎಂದು ಒಬ್ಬರನ್ನಾದರೂ ಕೇಳಿದೆಯಾ?"